ಕೊಡಗಿನ ಕಾಡಂಚಿಗೆ ಕಳ್ಳಬೇಟೆ ಪತ್ತೆ ನಾಯಿ: ಆಯ್ಕೆಯಿಂದ ಮಹಜರ್‌ವರೆಗೆ

ಕೋವಿಮದ್ದಿನ ವಾಸನೆ ಬಂದರೆ ಕೂರಬೇಕು ಎಂದು ಕಲಿತ ನಾಯಿಯನ್ನು ದಕ್ಷಿಣ ಕೊಡಗಿನ ಯಾವುದಾದರೂ ಊರಿಗೆ ಕರೆದುಕೊಂಡು ಹೋದರೆ ಅದು ಒಂದಾದ ಮೇಲೊಂದು ಮನೆಯ ಮುಂದೆ ಕೂರುತ್ತಲೇ ಹೋಗುತ್ತದೆ. ತಪ್ಪು ನಾಯಿಯದಲ್ಲ. ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್ ದಿನ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುವುದು ಆ ಕೋವಿಯನ್ನೇ, ಸುಗ್ಗಿಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಆಕಾಶಕ್ಕೆ ಗುಂಡು ಹಾರಿಸುವುದೂ ಅದರಿಂದಲೇ. ಹಂದಿ ಮಾಂಸದ್ದೂ ಇದೇ ಪಾಡು. ಕಾಡುಹಂದಿ, ಊರಹಂದಿ ಎರಡೂ ಒಂದೇ ಪ್ರಭೇದ. ಕಾಡುಹಂದಿ ಮಾಂಸಕ್ಕೆ ಕೂರಲು ಕಲಿಸಿದ ನಾಯಿ ಭಾನುವಾರ ಪಂದಿ ಕರಿ ಬೇಯುವ ಪ್ರತಿ ಅಡುಗೆಮನೆಗೂ ಮೂಗು ತಿರುಗಿಸುತ್ತದೆ. ಬೇರೆ ಜಿಲ್ಲೆಗೆ ಮಾಡಿದ ವಾಸನೆಗಳ ಪಟ್ಟಿಯನ್ನು ಹಾಗೆಯೇ ಇಲ್ಲಿಗೆ ತಂದರೆ ಆರು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಇಲ್ಲಿ ನಾಯಿಗೆ ಏನನ್ನು ಹಿಡಿಯಬೇಕು ಎನ್ನುವುದಕ್ಕಿಂತ ಏನನ್ನು ಬಿಡಬೇಕು ಎಂದು ಕಲಿಸುವುದೇ ದೊಡ್ಡ ಕೆಲಸ.

ಭಾರತದಲ್ಲಿ ವನ್ಯಜೀವಿ ಅಪರಾಧಕ್ಕೆಂದೇ ನಾಯಿಗಳನ್ನು ತಯಾರು ಮಾಡುವ ಕಾರ್ಯಕ್ರಮವನ್ನು ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2008ರಲ್ಲಿ ಶುರುಮಾಡಿತು. ಮೂಲ ತರಬೇತಿ ಗಡಿ ಭದ್ರತಾ ಪಡೆಯ ಟೇಕನ್‌ಪುರ, ಇಂಡೋ-ಟಿಬೆಟನ್ ಗಡಿ ಪೊಲೀಸ್ (ಐಟಿಬಿಪಿ) ಪಡೆಯ ಪಂಚಕುಲದಂಥ ಕೇಂದ್ರಗಳಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ಒಂದು ನಾಯಿಗೆ ಇಬ್ಬರು ಹ್ಯಾಂಡ್ಲರ್‌ಗಳು (ನಾಯಿಯನ್ನು ನಡೆಸುವವರು) ಜೊತೆಗೇ ಕಲಿಯುತ್ತಾರೆ. ನಮ್ಮ ಪಕ್ಕದ ಬಂಡೀಪುರದಲ್ಲಿ ದುಡಿದ ರಾಣಾ ಎಂಬ ಜರ್ಮನ್ ಶೆಫರ್ಡ್ ಇಂಥ ತರಬೇತಿಯಿಂದಲೇ ಬಂದದ್ದು. ಅಲ್ಲಿಂದ ಪಾಸಾಗಿ ಬಂದ ನಾಯಿಯನ್ನು ನಾಗರಹೊಳೆ, ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿಯ ಅಂಚಿನ ತೋಟಗಳಿಗೆ ಹೊಂದಿಸಲು ಇನ್ನೂ ಎರಡು ಮೂರು ತಿಂಗಳು ಬೇಕು. ಮುಂದೆ ಬರೆದಿರುವುದು ಹೆಚ್ಚಾಗಿ ಆ ಹೊಂದಾಣಿಕೆಯ ಬಗ್ಗೆ.

ಯಾವ ನಾಯಿ

ಬೆಲ್ಜಿಯನ್ ಮಾಲಿನೋಯ್ ನಮ್ಮ ಮೊದಲ ಆಯ್ಕೆ. ಗಿಡ್ಡ ಕೂದಲು, 25ರಿಂದ 30 ಕೆಜಿ ತೂಕ, ದಣಿವು ಕಡಿಮೆ. ಆದರೆ ಹೊಸ ಹ್ಯಾಂಡ್ಲರ್‌ನ ಕೈಗೆ ಕೊಟ್ಟರೆ ಅದೇ ಯಜಮಾನನಾಗುತ್ತದೆ. ಜರ್ಮನ್ ಶೆಫರ್ಡ್‌ಗೆ ಬುದ್ಧಿ, ತಾಳ್ಮೆ ಎರಡೂ ಇವೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಆ ದಪ್ಪ ಕೂದಲು ಒಣಗುವುದೇ ಇಲ್ಲ. ಒಳಪದರ ತೇವವಾಗಿಯೇ ಉಳಿದು ಚರ್ಮ ಕೊಳೆತ ಹುಣ್ಣಾಗುತ್ತದೆ. ಶೆಫರ್ಡ್ ಸಾಕುವುದಾದರೆ ಕೆನಲ್‌ನಲ್ಲಿ ಗಾಳಿ ಬೀಸುವ ಒಣ ಕೋಣೆ ಬೇಕೇಬೇಕು. ಲ್ಯಾಬ್ರಡಾರ್ ಚೆಕ್‌ಪೋಸ್ಟ್‌ಗೆ ಚಿನ್ನ, ಕಾಡಿಗೆ ಅಷ್ಟಕ್ಕಷ್ಟೆ, ಏಕೆಂದರೆ ಅದರ ಹೊಟ್ಟೆಬಾಕತನ ಇಲ್ಲಿ ಅಪಾಯಕಾರಿ. ಮುಧೋಳ ನಮ್ಮ ನಾಡಿನದು ಎಂಬ ಅಭಿಮಾನ ಸರಿ, ಆದರೆ ಅದು ಮೂಲತಃ ಕಣ್ಣಿನಿಂದ ಬೇಟೆಯಾಡುವ ನಾಯಿ. ಕಾಡಂಚಿನಲ್ಲಿ ಜಿಂಕೆ ಕಣ್ಣಿಗೆ ಬಿದ್ದರೆ ಮೂಗಿನ ಕೆಲಸ ಅಲ್ಲಿಗೆ ಮುಗಿಯಿತು.

ಮರಿಯನ್ನು ಆರಿಸಲು ಒಂದೇ ಪರೀಕ್ಷೆ ಸಾಕೆಂದರೆ ಇದನ್ನು ಮಾಡಿ. ಸುಮಾರು ಎಂಟು ತಿಂಗಳ ನಾಯಿಯ ಎದುರು ಚೆಂಡನ್ನು ಎತ್ತರದ ಹುಲ್ಲಿಗೆ ಎಸೆದು, ಅದರ ಕಣ್ಣಿಗೆ ಬೀಳದಂತೆ ಚೆಂಡನ್ನು ತೆಗೆದುಬಿಡಿ. ಐದು ನಿಮಿಷ ಬಿಡದೆ ಹುಡುಕಿದರೆ ಮುಂದುವರಿಯಬಹುದು. ಎರಡು ನಿಮಿಷಕ್ಕೆ ಹಿಂತಿರುಗಿ ನಿಮ್ಮ ಮುಖ ನೋಡುವ ನಾಯಿ ಒಳ್ಳೆಯ ಸಾಕುನಾಯಿ, ಅಷ್ಟೇ. ಸೊಂಟದ ಕೀಲಿನ ಎಕ್ಸ್‌ರೇ ಮಾಡಿಸದೆ ಯಾವ ಶೆಫರ್ಡನ್ನೂ ತರಬೇಡಿ. ಬರೆ (ಕಡಿದಾದ ದಿಬ್ಬ) ಹತ್ತಿ ಇಳಿಯುವ ಕೆಲಸಕ್ಕೆ ಆ ಕೀಲು ತಾಳಬೇಕು.

ವಾಸನೆಯ ಪಟ್ಟಿ ಮತ್ತು ಮಾದರಿ

ಕೊಡಗಿಗೆ ನಾವು ಸೂಚಿಸುವ ಪಟ್ಟಿ: ಕಡವೆ, ಜಿಂಕೆ, ಕಾಡುಕುರಿ, ಕಾಟಿಯ (ಕಾಡುಕೋಣ) ಹಸಿ ಹಾಗೂ ಒಣ ಮಾಂಸ, ಹುಲಿ ಮತ್ತು ಚಿರತೆಯ ಚರ್ಮ, ಮೂಳೆ, ಆನೆದಂತ, ಚಿಪ್ಪುಹಂದಿಯ ಚಿಪ್ಪು. ಕಾಡುಹಂದಿ ಮತ್ತು ಕೋವಿಮದ್ದನ್ನು ಬೇಕೆಂದೇ ಬಿಟ್ಟಿದ್ದೇವೆ. ಒಣ ಮಾಂಸವನ್ನು ಬೇರೆಯಾಗಿಯೇ ಕಲಿಸಬೇಕು. ಒಲೆಯ ಮೇಲೆ ಹೊಗೆಗೆ ಕಟ್ಟಿ ಒಣಗಿಸಿದ ಕಡವೆ ಮಾಂಸಕ್ಕೂ ಹಸಿ ಮಾಂಸಕ್ಕೂ ನಾಯಿಯ ಮೂಗಿಗೆ ಬಹಳ ದೂರ. ಹಸಿಯದರಲ್ಲಿ ಮಾತ್ರ ಪಳಗಿದ ನಾಯಿ ಒಣ ಮಾಂಸದ ಡಬ್ಬಿಯನ್ನು ದಾಟಿಕೊಂಡು ಹೋಗಿಬಿಡುತ್ತದೆ.

ಕಾಡುಪ್ರಾಣಿಯ ಯಾವ ಅಂಶವೂ ಸರ್ಕಾರದ ಸ್ವತ್ತು. ತರಬೇತಿಗೆ ಎಂದು ಹೇಳಿಕೊಂಡು ಖಾಸಗಿಯವರು ಒಂದು ತುಂಡು ಚರ್ಮ ಇಟ್ಟುಕೊಂಡರೂ ಕೇಸಾಗುತ್ತದೆ. ಆದ್ದರಿಂದ ಮಾದರಿಗಳು ಇಲಾಖೆಯ ಲಿಖಿತ ಅನುಮತಿಯಲ್ಲಿ, ರಿಜಿಸ್ಟರಿನ ಲೆಕ್ಕದೊಂದಿಗೆ ಬರಬೇಕು. ಒಂದೊಂದನ್ನೂ ಬೇರೆ ಬೇರೆ ಗಾಜಿನ ಭರಣಿಯಲ್ಲಿ, ಲೋಹದ ಮುಚ್ಚಳ ಹಾಕಿ ಇಡಿ. ಪ್ಲಾಸ್ಟಿಕ್ ಚೀಲ ಬೇಡ. ವಾಸನೆ ಅದರ ಮೂಲಕ ಸೋರುತ್ತದೆ, ಪ್ಲಾಸ್ಟಿಕ್‌ನದೂ ಮಾದರಿಗೆ ಸೇರುತ್ತದೆ. ಭರಣಿಯೊಳಗೆ 10 ಸೆಂಟಿಮೀಟರಿನ ಹತ್ತಿಬಟ್ಟೆಯ ತುಂಡುಗಳನ್ನು 24 ಗಂಟೆ ಬಿಟ್ಟು, ದಿನದ ಅಭ್ಯಾಸಕ್ಕೆ ಆ ಬಟ್ಟೆಯನ್ನೇ ಬಳಸಿ. ಮೂಲ ಮಾದರಿ ಹಾಳಾಗುವುದು ತಪ್ಪುತ್ತದೆ.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ. ಮಾದರಿ ಮುಟ್ಟುವಾಗ ಕೈಗವಸು ಹಾಕುತ್ತಾರೆ, ಖಾಲಿ ಡಬ್ಬಿಗಳನ್ನು ಬರಿಗೈಯಲ್ಲಿ ಜೋಡಿಸುತ್ತಾರೆ. ಎರಡು ವಾರದಲ್ಲಿ ನಾಯಿ ಕಡವೆ ಬಿಟ್ಟು ಕೈಗವಸಿನ ರಬ್ಬರ್ ವಾಸನೆ ಕಲಿತಿರುತ್ತದೆ. ಖಾಲಿ ಡಬ್ಬಿಗಳಿಗೂ ಅದೇ ಕೈಗವಸಿನಿಂದ ಮುಟ್ಟಿದ, ಏನೂ ತಗುಲದ ಬಟ್ಟೆ ಹಾಕಿ.

ಮೊದಲ ಆರು ವಾರ

ಮುಚ್ಚಳದಲ್ಲಿ ತೂತಿರುವ ಆರು ಒಂದೇ ಥರದ ಡಬ್ಬಿಗಳನ್ನು ಒಂದು ಮೀಟರ್ ಅಂತರದಲ್ಲಿ ಸಾಲಾಗಿಡಿ. ಒಂದರಲ್ಲಿ ಮಾದರಿ ಇರಲಿ. ನಾಯಿಯನ್ನು ಸಾಲಿನುದ್ದಕ್ಕೂ ನಡೆಸಿ, ಸರಿಯಾದ ಡಬ್ಬಿಗೆ ಮೂಗಿಟ್ಟ ಒಂದು ಸೆಕೆಂಡಿನೊಳಗೆ ಚೆಂಡು ಕೊಡಿ. ಮೂರು ಸೆಕೆಂಡು ತಡವಾದರೆ ನಾಯಿಗೆ ಬಹುಮಾನ ಬಂದದ್ದು ಮೂಸಿದ್ದಕ್ಕಲ್ಲ, ತಲೆ ಎತ್ತಿ ನಿಮ್ಮನ್ನು ನೋಡಿದ್ದಕ್ಕೆ. ಸಾಲಿನುದ್ದಕ್ಕೂ ಒಮ್ಮೆ ನಡೆಸಿದರೆ ಒಂದು ಓಟ. ಒಂದು ಸಲಕ್ಕೆ ಐದಾರು ಓಟ, ದಿನಕ್ಕೆ ಮೂರು ಸಲ. ನಾಯಿಗೆ ಇನ್ನೂ ಬೇಕು ಎನಿಸುವಾಗಲೇ ನಿಲ್ಲಿಸಬೇಕು. ಒಂದು ವಾಸನೆ ಗಟ್ಟಿಯಾಗಲು ಎಂಟು ಹತ್ತು ದಿನ. ಅದಾದ ಮೇಲಷ್ಟೇ ಎರಡನೆಯದು.

ಸಿಕ್ಕಿದ್ದನ್ನು ತಿಳಿಸುವ ರೀತಿ ಕೂತು ದಿಟ್ಟಿಸುವುದೇ ಆಗಿರಲಿ. ಕೆರೆಯಲು, ಕಚ್ಚಲು, ಬೊಗಳಲು ಬಿಡಬೇಡಿ. ಕೆರೆದರೆ ಸಾಕ್ಷ್ಯ ಹಾಳು, ಬೊಗಳಿದರೆ ಆನೆಗೆ ಕೇಳುತ್ತದೆ, ಸಿಡಿಮದ್ದನ್ನು ಕಚ್ಚಿದರೆ ನಾಯಿಯೇ ಇಲ್ಲ.

ಕೂರುವುದಕ್ಕೂ ಮೊದಲು ನಾಯಿ ಹೇಳುವ ಮಾತೊಂದಿದೆ, ಹ್ಯಾಂಡ್ಲರ್ ಕಲಿಯಬೇಕಾದದ್ದು ಅದನ್ನು. ಬಾಯಿ ತೆರೆದು ಏದುತ್ತಾ ಬರುವ ನಾಯಿ ವಾಸನೆಯ ಅಂಚಿಗೆ ತಾಗಿದ ತಕ್ಷಣ ಬಾಯಿ ಮುಚ್ಚುತ್ತದೆ. ಏದುಸಿರು ನಿಂತು ಚಿಕ್ಕ ಚಿಕ್ಕ ಮೂಸುಗಳು ಶುರುವಾಗುತ್ತವೆ. ದಾಟಿ ಒಂದು ಹೆಜ್ಜೆ ಹೋದ ಮೈ ಮುಂದಕ್ಕೆ, ತಲೆ ಮಾತ್ರ ಹಿಂದಕ್ಕೆ ಎಳೆದಂತೆ ತಿರುಗುತ್ತದೆ. ಬಾಲದ ಬುಡ ಬಿಗಿಯುತ್ತದೆ. ಆ ಎರಡು ಸೆಕೆಂಡಿನಲ್ಲಿ ಹ್ಯಾಂಡ್ಲರ್ ನಿಂತುಬಿಟ್ಟರೆ ಆಟ ಕೆಟ್ಟಿತು. ಮುಂದಿನ ಸಲದಿಂದ ನಾಯಿ ವಾಸನೆಗಲ್ಲ, ನಿಮ್ಮ ಕಾಲು ನಿಂತ ಕಡೆ ಕೂರುತ್ತದೆ. ಹಗ್ಗ ಸಡಿಲ ಬಿಟ್ಟು ಅದೇ ವೇಗದಲ್ಲಿ ನಡೆಯುತ್ತಿರಿ.

ಇದು ಬರೀ ಅನುಮಾನವಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಾಯಿ ಮತ್ತು ಹ್ಯಾಂಡ್ಲರ್‌ಗಳ 18 ಜೋಡಿಗಳಿಗೆ ಯಾವ ವಾಸನೆಯನ್ನೂ ಅಡಗಿಸದ ಕೋಣೆಗಳನ್ನು ಹುಡುಕಲು ಕೊಟ್ಟರು. ಕೆಂಪು ಕಾಗದ ಅಂಟಿಸಿದ ಜಾಗದಲ್ಲಿ ವಸ್ತು ಇದೆ ಎಂದು ಹ್ಯಾಂಡ್ಲರ್‌ಗಳಿಗೆ ಮೊದಲೇ ಹೇಳಿದ್ದರು. ಏನೂ ಇಲ್ಲದ ಕೋಣೆಗಳಲ್ಲೂ ನಾಯಿ ಸೂಚನೆ ಕೊಟ್ಟಿತು ಎಂಬ ವರದಿಗಳು ಸಾಲಾಗಿ ಬಂದವು, ಕಾಗದವಿದ್ದ ಜಾಗಗಳಲ್ಲಿ ಹೆಚ್ಚು. ಹಾಗಾಗಿ ನಾಲ್ಕರಲ್ಲಿ ಒಂದು ಓಟ ಪೂರ್ತಿ ಖಾಲಿ ಇರಬೇಕು. ವಾರಕ್ಕೊಮ್ಮೆಯಾದರೂ ಮಾದರಿ ಅಡಗಿಸಿದವರು ಜಾಗದಿಂದ ಹೊರಟುಹೋಗಿ, ಉಳಿದ ಯಾರಿಗೂ ಅದು ಎಲ್ಲಿದೆ ಎಂದು ಗೊತ್ತಿರದ ಪರೀಕ್ಷೆ ನಡೆಸಬೇಕು.

ಬಿಡುವುದನ್ನು ಕಲಿಸುವುದು

ಆರನೇ ವಾರದಿಂದ ಸಾಲಿನಲ್ಲಿ ಬೇಡದ ವಾಸನೆಗಳನ್ನು ಸೇರಿಸಿ: ಊರಹಂದಿ, ಕುರಿ, ದನ, ಕೋಳಿ, ಒಣಮೀನು, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿದ ಮಸಾಲೆ, ಕೋವಿಗೆ ಹಚ್ಚುವ ಎಣ್ಣೆ. ಅವುಗಳ ಬಳಿ ನಾಯಿ ತಡೆದರೆ ಗದರಬೇಡಿ, ಮೌನವಾಗಿ ಮುಂದೆ ನಡೆಯಿರಿ. ಗದರಿದರೆ ಮಾಂಸ ಎಂದರೇ ಹೆದರುವ ನಾಯಿ ತಯಾರಾಗುತ್ತದೆ. ಕಾಟಿ ಮತ್ತು ದನದ ನಡುವೆ ಹೆಚ್ಚು ದಿನ ಹಿಡಿಯುತ್ತದೆ. ಎರಡೂ ಹತ್ತಿರದ ಸಂಬಂಧಿಗಳು, ಅವಸರ ಮಾಡಬಾರದು.

ಇನ್ನು ತಿನ್ನದಿರುವುದು. ಹಂದಿಗೆಂದು ಇಡುವ ಸಿಡಿಮದ್ದನ್ನು ತಿನ್ನುವ ವಸ್ತುವಿನಲ್ಲಿ ಸುತ್ತಿರುತ್ತಾರೆ. ಶನಿವಾರಸಂತೆ ಕಡೆಯ ತೋಟಗಳಲ್ಲಿ ಆಫ್ರಿಕನ್ ಬಸವನಹುಳಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆಯನ್ನು ತವಡು, ಬೆಲ್ಲದ ಜೊತೆ ಕಲಸುವುದರಿಂದ ಅದು ನಾಯಿಗೆ ಸಿಹಿತಿಂಡಿಯಂತೆ ಕಾಣುತ್ತದೆ, ತಿಂದ ಸ್ವಲ್ಪ ಹೊತ್ತಿಗೇ ನಡುಕ, ಸೆಳೆತ ಬರುತ್ತದೆ. ಹಣ್ಣಾದ ಕಾಫಿ, ಬಿದ್ದ ಅಡಿಕೆ ಕೂಡ ನಾಯಿಗೆ ವಿಷವೇ. ಕೈಯಿಂದಲ್ಲದೆ ನೆಲದಿಂದ ಏನನ್ನೂ ಎತ್ತಬಾರದು ಎಂಬ ಅಭ್ಯಾಸವನ್ನು ದಿನವೂ ಮಾಡಿಸಿ: ನಡೆಯುವ ದಾರಿಯಲ್ಲಿ ಬೇರೆಯವರಿಂದ ಕೋಳಿ ತುಂಡು ಇಡಿಸಿ, ಬಿಟ್ಟು ಬಂದರೆ ಚೆಂಡು ಕೊಡಿ. ಬಸವನಹುಳದ ಮದ್ದು ಹಾಕಿದ ತೋಟವಾದರೆ ಇಷ್ಟಕ್ಕೆ ನಂಬಿ ಕೂರಬೇಡಿ, ಬುಟ್ಟಿಯಂಥ ಬಾಯಿಕುಕ್ಕೆ ಹಾಕಿ. ಅದರಲ್ಲಿ ಏದುವುದಕ್ಕೂ ಮೂಸುವುದಕ್ಕೂ ಅಡ್ಡಿಯಿಲ್ಲ.

ಗುಂಡಿನ ಸದ್ದಿಗೆ ಒಗ್ಗಿಸುವುದು ಸುಲಭ. 200 ಮೀಟರ್ ದೂರದಿಂದ ಶುರುಮಾಡಿ, ಆಟದ ನಡುವೆ ಒಂದು ಗುಂಡು, ದಿನಕ್ಕೆ ಸ್ವಲ್ಪ ಹತ್ತಿರ. ಪುತ್ತರಿ ರಾತ್ರಿಯೇ ಮೊದಲ ಪಾಠವಾಗಬಾರದು.

ಹೆಜ್ಜೆ ಹಿಡಿಯುವುದು

ಹೆಜ್ಜೆಯ ಕೆಲಸಕ್ಕೆ ಕುತ್ತಿಗೆಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ಮತ್ತು 10 ಮೀಟರಿನ ಹಗ್ಗ ಬೇಕು. ಹಾರ್ನೆಸ್ ಹಾಕಿದರೆ ಹೆಜ್ಜೆ, ಪಟ್ಟಿ ಹಾಕಿದರೆ ಮಾದರಿ ಹುಡುಕಾಟ ಎಂದು ನಾಯಿಗೆ ತಾನೇ ಅರ್ಥವಾಗುತ್ತದೆ. ಮೊದಲ ಹೆಜ್ಜೆಸಾಲು 50 ಮೀಟರ್ ನೇರ, ಹತ್ತು ನಿಮಿಷ ಹಳತು. ತಿರುವು, ದೂರ, ಸಮಯ ಮೂರರಲ್ಲಿ ಒಂದು ಸಲಕ್ಕೆ ಒಂದನ್ನೇ ಹೆಚ್ಚಿಸಿ. ಮೂರು ತಿಂಗಳಲ್ಲಿ ನಾಲ್ಕು ಗಂಟೆ ಹಳೆಯ, ಒಂದು ಕಿಲೋಮೀಟರಿನ ಸಾಲು ಹಿಡಿದರೆ ಒಳ್ಳೆಯ ಪ್ರಗತಿ. ದಾರಿಯಲ್ಲಿ ಬೀಡಿ ತುಂಡು, ಕೋವಿಯ ಖಾಲಿ ತೋಟೆ, ಟಾರ್ಚಿನ ಸೆಲ್ಲು ಬೀಳಿಸಿ, ಅವುಗಳ ಮುಂದೆ ಮಲಗಲು ಕಲಿಸಿ. ಕೋರ್ಟಿನಲ್ಲಿ ನಿಲ್ಲುವುದು ಹೆಜ್ಜೆಗಿಂತ ಆ ವಸ್ತುಗಳೇ.

ಸ್ಥಳ ಕೆಡುವುದು ಸಾಮಾನ್ಯವಾಗಿ ನಮ್ಮವರಿಂದಲೇ. ಕಡವೆ ಕಡಿದ ಜಾಗ ಸಿಕ್ಕಿತೆಂದರೆ ಗಾರ್ಡು, ವಾಚರು, ತೋಟದ ರೈಟರು, ನೋಡಲು ಬಂದವರು ಎಲ್ಲರೂ ಒಂದು ಸುತ್ತು ತಿರುಗುತ್ತಾರೆ. ಮೊದಲು ಕಂಡವರು ಬಂದ ಹೆಜ್ಜೆಯಲ್ಲೇ ಹಿಂತಿರುಗಿ, 30 ಮೀಟರ್ ದೂರದಲ್ಲಿ ಕಾವಲು ನಿಂತು ಫೋನ್ ಮಾಡಬೇಕು. ಬಿದ್ದಿರುವ ಚಪ್ಪಲಿ, ಟೋಪಿಯನ್ನು ಯಾರೂ ಮುಟ್ಟಬಾರದು. ಹ್ಯಾಂಡ್ಲರ್ ಬಂದು ಚಿಮ್ಮಟದಿಂದ ಶುಚಿ ಹತ್ತಿಬಟ್ಟೆಯನ್ನು ಅದರ ಮೇಲಿಟ್ಟು, 20 ನಿಮಿಷ ಬಿಟ್ಟು, ಆ ಬಟ್ಟೆಯನ್ನು ನಾಯಿಗೆ ಮೂಸಿಸುತ್ತಾರೆ. ಅಷ್ಟರಲ್ಲಿ ಯಾರಾದರೂ ಒಳಗೆ ಹೋಗಿಬಿಟ್ಟಿದ್ದರೆ ಅವರನ್ನು ಕಳಿಸಬೇಡಿ. ಅವರೆಲ್ಲರೂ ಎದುರಿಗೇ ಇದ್ದರೆ ನಾಯಿ ಅವರನ್ನು ಒಬ್ಬೊಬ್ಬರಾಗಿ ಮೂಸಿ ಬಿಟ್ಟು, ಅಲ್ಲಿಲ್ಲದವನ ಸಾಲನ್ನು ಹಿಡಿಯುವಂತೆ ಕಲಿಸಬಹುದು. ನವೆಂಬರ್‌ನಿಂದ ಫೆಬ್ರವರಿವರೆಗೆ, ಕಾಫಿ ಕುಯ್ಲಿನ ದಿನಗಳಲ್ಲಿ, ಬೆಳಿಗ್ಗೆ ಕೆಲಸದವರು ತೋಟಕ್ಕೆ ಇಳಿಯುವ ಮೊದಲೇ ಸಾಲು ಮುಗಿಸಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕುವ ತೋಟವಾದರೆ ಪಂಪು ನಿಲ್ಲಿಸಲು ಮಾಲೀಕರಿಗೆ ಮೊದಲೇ ಹೇಳಿ.

ಜೇನು ಕುರುಬ, ಯರವ ಹಾಡಿಗಳಿಂದ ಬಂದ ವಾಚರ್‌ಗಳು ಮುರಿದ ಹುಲ್ಲಿನಲ್ಲಿ ಓದುವುದನ್ನು ಯಾವ ನಾಯಿಯೂ ಓದಲಾರದು. ನಾಯಿ ಸಾಲು ಕಳೆದುಕೊಂಡ ಕಡೆ ಅವರೇ ಮುಂದೆ ಹೋಗಲಿ. ಹೊಳೆ ದಾಟಿದ ಮೇಲೆ, ಡಾಂಬರು ರಸ್ತೆ ಸಿಕ್ಕಲ್ಲಿ ಈ ಅದಲುಬದಲು ಬಹಳ ಸಮಯ ಉಳಿಸುತ್ತದೆ.

ಗಾಳಿಯ ಲೆಕ್ಕ ಹೀಗೆ. ರಾತ್ರಿ ತಣ್ಣನೆಯ ಗಾಳಿ ಬಾಣೆಯಿಂದ (ಗದ್ದೆಯ ಮೇಲಿನ ಎತ್ತರದ ಜಾಗ) ಗದ್ದೆ, ಹಡ್ಲಿಗೆ (ತಗ್ಗಿನ ಜೌಗು) ಇಳಿದು ಅಲ್ಲೇ ನಿಲ್ಲುತ್ತದೆ, ವಾಸನೆಯೂ ಅದರ ಜೊತೆ. ಬೆಳಗಿನ ಜಾವ ಇಳಿಜಾರಿನ ಕೆಳಗಿನ ಅಂಚಿನಿಂದ ಹುಡುಕಿ. ಬಿಸಿಲೇರಿ ಗಾಳಿ ಮೇಲಕ್ಕೆ ಹತ್ತತೊಡಗಿದ ಮೇಲೆ ಮೇಲಿನ ಅಂಚಿನಿಂದ ಹುಡುಕಿ. ಮರದ ನೆರಳಿನ ತೋಟದಲ್ಲಿ ತೇವ ಉಳಿಯುವುದರಿಂದ ವಾಸನೆ ಬಯಲಿಗಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಸಣ್ಣ ಜಡಿಮಳೆ ಶತ್ರುವಲ್ಲ. ಜುಲೈನ ಭಾಗಮಂಡಲ ಕಡೆಯ ಮಳೆಯಲ್ಲಿ ಮಾತ್ರ ಹೆಜ್ಜೆಸಾಲು ಹಿಡಿಸುವ ಹಟ ಬೇಡ, ಚೆಕ್‌ಪೋಸ್ಟ್ ಕೆಲಸ ಕೊಡಿ.

ಉರುಲು, ತಂತಿ, ಆನೆ

ಕ್ಲಚ್ ವೈರ್, ಬ್ರೇಕ್ ಕೇಬಲ್‌ನಿಂದ ಮಾಡಿದ ಉರುಲುಗಳು ಸಿಗುವುದು ಹೆಚ್ಚಾಗಿ ತೋಟದ ಬೇಲಿಯ ಕಿಂಡಿಗಳಲ್ಲಿ, ಪ್ರಾಣಿ ನುಸುಳಿ ಮಣ್ಣು ನುಣುಪಾದ ಕಡೆ. ನಾಯಿಯನ್ನು ಅಲ್ಲಿ ಮುಂದೆ ಬಿಡಬೇಡಿ. ಇಬ್ಬರು ಕೋಲು ಹಿಡಿದು ಕಿಂಡಿ ನೋಡಿದ ಮೇಲೆ ನಾಯಿ ಬರಲಿ. ಉರುಲನ್ನು ಕಟ್ಟಿದವನ ಕೈವಾಸನೆ ಕೇಬಲ್‌ನಲ್ಲಿ ಉಳಿದಿರುತ್ತದೆ, ಆದ್ದರಿಂದ ಬಿಚ್ಚುವ ಮೊದಲು ಅದರಿಂದಲೂ ಬಟ್ಟೆಗೆ ವಾಸನೆ ತೆಗೆದುಕೊಳ್ಳಿ. ಹ್ಯಾಂಡ್ಲರ್‌ನ ಸೊಂಟದಲ್ಲಿ ಕೇಬಲ್ ಕಟರ್ ಇರಲೇಬೇಕು. ಸಾಮಾನ್ಯ ಇಕ್ಕಳದಿಂದ ಹೆಣೆದ ತಂತಿ ತುಂಡಾಗುವುದಿಲ್ಲ, ಸಿಕ್ಕಿಬಿದ್ದ ನಾಯಿ ಒದ್ದಾಡಿದಷ್ಟೂ ಉರುಲು ಬಿಗಿಯುತ್ತದೆ.

ಸೋಲಾರ್ ಬೇಲಿ ಕೊಲ್ಲುವುದಿಲ್ಲ, ಆದರೆ ಸಾಲಿನ ಮೇಲೆ ಒಮ್ಮೆ ಶಾಕ್ ತಗುಲಿದ ನಾಯಿ ಆ ವಾಸನೆಯನ್ನೇ ನೋವಿನ ಜೊತೆ ಗಂಟುಹಾಕಿಕೊಳ್ಳುತ್ತದೆ. ಬೇಲಿ ಆಫ್ ಮಾಡಿಸಿ, ಇಲ್ಲವೇ ಬೇರೆ ಕಡೆಯಿಂದ ದಾಟಿಸಿ. ಮೇನ್ ಲೈನಿನಿಂದ ಕದ್ದು ಎಳೆದ ತಂತಿ ಕೊಂದೇಬಿಡುತ್ತದೆ. ನೆಲದ ಹತ್ತಿರ ಹೊಸ ತಂತಿ ಕಂಡರೆ ಮೊದಲು ನಿಲ್ಲಿ, ಲೈನ್‌ಮನ್ ಬಂದು ಸಂಪರ್ಕ ತೆಗೆಯುವವರೆಗೆ ಯಾರೂ ಹತ್ತಿರ ಹೋಗಬೇಡಿ.

ಆನೆಯ ವಿಷಯದಲ್ಲಿ ಒಂದೇ ನಿಯಮ: ಹಗ್ಗ ಬಿಡಬಾರದು. ಬಿಟ್ಟ ನಾಯಿ ಆನೆಯ ಕಡೆ ಬೊಗಳುತ್ತಾ ಓಡುತ್ತದೆ, ಆನೆ ತಿರುಗಿಬಿದ್ದಾಗ ನಾಯಿ ನೇರ ನಿಮ್ಮ ಬಳಿಗೇ ಓಡಿಬರುತ್ತದೆ, ಹಿಂದೆ ಆನೆ. ರಾತ್ರಿ ಶಿಬಿರದಲ್ಲಿ ಉಳಿದರೆ ನಾಯಿ ಕಟ್ಟಡದ ಒಳಗೇ ಮಲಗಬೇಕು. ವರಾಂಡದಲ್ಲಿ ಕಟ್ಟಿದ ನಾಯಿ ಚಿರತೆಗೆ ಬಡಿಸಿಟ್ಟ ಎಲೆ.

ಚೆಕ್‌ಪೋಸ್ಟಿನಲ್ಲಿ

ಕುಟ್ಟ, ಮಾಕುಟ್ಟ, ಕರಿಕೆ, ಸಂಪಾಜೆ, ಆನೆಚೌಕೂರು ಕಡೆ ವಾಹನ ನೋಡುವಾಗ ಇಂಜಿನ್ ಆಫ್ ಮಾಡಿಸಿ, ಜನರನ್ನು ಇಳಿಸಿ, ಐದು ನಿಮಿಷ ಕಾಯಿರಿ. ಗಾಳಿ ವಾಹನವನ್ನು ದಾಟಿ ಬರುವ ಬದಿಯಿಂದ ಶುರುಮಾಡಿ, ಚಕ್ರದ ಗೂಡು, ಬಾಗಿಲ ಸಂದು, ಬಾನೆಟ್, ಹಿಂಬಾಗಿಲು ಹೀಗೆ ಒಂದು ಸುತ್ತು ಕೆಳಗೆ, ಒಂದು ಸುತ್ತು ಮೇಲೆ. ಐಸ್ ತುಂಬಿದ ಮೀನಿನ ಗಾಡಿಯಲ್ಲಿ ವಾಸನೆ ಏಳುವುದು ನಿಧಾನ. ಬಾಗಿಲು ತೆರೆದು ಹತ್ತು ನಿಮಿಷವಾದ ಮೇಲೆ ನಾಯಿಯನ್ನು ತನ್ನಿ. ಕರಿಮೆಣಸಿನ ಮೂಟೆಯ ಹೊಲಿಗೆಗೆ ನೇರ ಮೂಗು ಇಡಿಸಬೇಡಿ. ಒಮ್ಮೆ ಮೆಣಸಿನ ದೂಳು ಎಳೆದುಕೊಂಡರೆ ಸೀನಿ ಸೀನಿ ಆ ಪಾಳಿ ಮುಗಿದಂತೆ. ಮೂಟೆಗಳ ನಡುವಿನ ಸಂದಿನಿಂದ ಬರುವ ಗಾಳಿ ಸಾಕು. 20ರಿಂದ 30 ನಿಮಿಷ ಕೆಲಸ, ಅಷ್ಟೇ ಹೊತ್ತು ನೆರಳು. ಏದುವ ನಾಯಿ ಸರಿಯಾಗಿ ಮೂಸಲಾರದು. ಗಂಟೆಗಟ್ಟಲೆ ಏನೂ ಸಿಗದಿದ್ದರೆ ನಡುವೆ ನೀವೇ ಒಂದು ಮಾದರಿ ಅಡಗಿಸಿ ಗೆಲ್ಲಿಸಿ, ಇಲ್ಲದಿದ್ದರೆ ಸಂಜೆ ಹೊತ್ತಿಗೆ ಅದು ಬರೀ ವಾಕಿಂಗ್ ಮಾಡುತ್ತಿರುತ್ತದೆ.

ಮೈ, ಮೂಗು

ಜಿಗಣೆಗೆ ಕಾಲುಚೀಲದ ಮೇಲೆ ನಶ್ಯ, ಸುಣ್ಣ ಹಚ್ಚುವ ರೂಢಿ ಹ್ಯಾಂಡ್ಲರ್‌ಗೆ ಬೇಡ. ತಂಬಾಕು ನಾಯಿಗೆ ವಿಷ, ಕಾಲಿನ ಹತ್ತಿರವೇ ನಡೆಯುವ ಮೂಗಿಗೆ ಅದರ ಘಾಟು ಬೇರೆ. ಡೀಟ್ ಇರುವ ಸೊಳ್ಳೆ ಕ್ರೀಮೂ ಬೇಡ. ಒಂದೇ ಹೊಳ್ಳೆಯಿಂದ ರಕ್ತ ಒಸರುತ್ತಾ ನಾಯಿ ಪದೇ ಪದೇ ಸೀನಿದರೆ ಒಳಗೆ ಜಿಗಣೆ ಕೂತಿದೆ ಎಂದುಕೊಳ್ಳಿ. ಉಪ್ಪು ಹಾಕಲು ಹೋಗಬೇಡಿ. ಮೂಗಿನ ತುದಿಗೆ ಬಟ್ಟಲಲ್ಲಿ ತಣ್ಣೀರು ಹಿಡಿದು ಕಾದರೆ ನೀರಿಗಾಗಿ ಜಿಗಣೆ ಹೊರಚಾಚುವುದುಂಟು. ಆಗ ಚಿಮ್ಮಟದಿಂದ ಹಿಡಿದು ನಿಧಾನವಾಗಿ ಎಳೆಯಿರಿ. ಬರದಿದ್ದರೆ ಪಶುವೈದ್ಯರು ತೆಗೆಯಲಿ.

ಉಣ್ಣಿಯನ್ನು ಪ್ರತಿ ಸಂಜೆ ಕಿವಿಯೊಳಗೆ, ಬೆರಳ ಸಂದಿನಲ್ಲಿ, ಬಾಲದಡಿ ನೋಡಿ ಕೀಳಬೇಕು. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ವಿಶ್ರಾಂತಿಯಲ್ಲೂ 103.5 ದಾಟಿ, ವಸಡು ಬಿಳಿಚಿದ್ದರೆ ಉಣ್ಣಿಜ್ವರದ ರಕ್ತಪರೀಕ್ಷೆಗೆ ಆ ದಿನವೇ ಒಯ್ಯಿರಿ. ಕೆಲಸದ ನಡುವೆ 105ಕ್ಕೆ ಏರಿದರೆ ಅದು ಬಿಸಿಲಿನ ಹೊಡೆತ: ನೆರಳಿಗೆ ತಂದು, ಮಾಮೂಲಿ ನೀರನ್ನು ಹೊಟ್ಟೆ, ತೊಡೆಸಂದಿಗೆ ಸುರಿದು ಗಾಳಿ ಬೀಸಿ, ಐಸ್ ಬೇಡ. ಇಲಿಜ್ವರದ ಲಸಿಕೆ ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಆಗಿರಲಿ. ಕೆಲಸಕ್ಕೆ ಮೂರು ಗಂಟೆ ಮೊದಲೇ ಊಟ ಮುಗಿದಿರಬೇಕು, ಹೊಟ್ಟೆ ತುಂಬಿದ ನಾಯಿ ಓಡಿದರೆ ಜಠರ ತಿರುಚಿಕೊಳ್ಳಬಹುದು.

ಮಹಜರ್

ನಾಯಿ ಕೂತಿತು ಎಂಬುದೊಂದೇ ಸಾಕ್ಷ್ಯವಲ್ಲ. ನಾಯಿ ಪತ್ತೆಗೆ ಹೆಚ್ಚಿನ ತೂಕ ಕೊಡಲಾಗದು ಎಂದು ಸುಪ್ರೀಂ ಕೋರ್ಟ್ 1969ರಲ್ಲೇ ಹೇಳಿದೆ. ನಾಯಿ ತೋರಿಸಿದ ಕಡೆ ಸಿಕ್ಕಿದ ವಸ್ತು, ಅದರ ಮಹಜರ್, ಪ್ರಯೋಗಾಲಯದ ವರದಿ ಇವೇ ಕೇಸು. ಮನೆ, ಲೈನ್ ಮನೆ (ತೋಟದ ಕೆಲಸದವರ ಮನೆ) ಹುಡುಕುವುದಾದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 50ನೇ ಕಲಂನಡಿ ಅನುಮಾನಕ್ಕೆ ಕಾರಣವನ್ನು ಒಳಗೆ ಕಾಲಿಡುವ ಮೊದಲೇ ಬರೆದಿಡಿ. ಶೋಧವನ್ನು ಮೊದಲಿನಿಂದ ಕೊನೆವರೆಗೆ ವಿಡಿಯೋ ಮಾಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅದನ್ನು ಕೇಳುತ್ತದೆ. ಕೋವಿ ಸಿಕ್ಕಿದರೆ ವಿನಾಯಿತಿ ಪತ್ರ ನೋಡಿ, ಮಾಂಸ ಸಿಗದ ಮನೆಯಲ್ಲಿ ಕೋವಿಯನ್ನೇ ಅಪರಾಧ ಮಾಡಲು ಹೋಗಬೇಡಿ.

ಮಾಂಸದ ಮಾದರಿಯನ್ನು ಹೆಬ್ಬೆರಳಿನ ಉಗುರಿನಷ್ಟು ಸಣ್ಣಗೆ ಕತ್ತರಿಸಿ, ಅದರ ಐದಾರು ಪಟ್ಟು ಆಲ್ಕೋಹಾಲ್‌ನಲ್ಲಿ ಮುಳುಗಿಸಿ, ಸೀಲ್ ಮಾಡಿ. ಫಾರ್ಮಲಿನ್ ಹಾಕಿದರೆ ಡಿಎನ್‌ಎ ಹಾಳಾಗುತ್ತದೆ, ಕೇಸು ಅಲ್ಲಿಗೇ ಸತ್ತಂತೆ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ವನ್ಯಜೀವಿ ಪ್ರಯೋಗಾಲಯ ಲಾಕೋನ್ಸ್ ಅಥವಾ ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಗೆ ಕಳಿಸಿದರೆ ಯಾವ ಪ್ರಾಣಿ ಎಂದು ತಿಳಿಯುತ್ತದೆ. ಕಾಡುಹಂದಿಯ ಅನುಮಾನವಿದ್ದರೆ ಕೂದಲಿರುವ ಚರ್ಮ, ಹಲ್ಲನ್ನೂ ತಪ್ಪದೆ ಜಪ್ತಿ ಮಾಡಿ. ಬರೀ ಮಾಂಸದ ತುಂಡಿನಲ್ಲಿ ಊರಹಂದಿಯ ವಾದ ಎದ್ದೇಳುತ್ತದೆ.

ನಾಯಿಯ ಡೈರಿಯಲ್ಲಿ ಪ್ರತಿ ಓಟಕ್ಕೂ ಒಂದು ಸಾಲು ಬರಲಿ: ತಾರೀಕು, ಹೊತ್ತು, ಗಾಳಿ, ಮಳೆ, ಯಾವ ವಾಸನೆ, ಸರಿಯೋ ತಪ್ಪೋ, ಖಾಲಿಯೋ. ತಪ್ಪಾಗಿ ಕೂತದ್ದನ್ನು ಮುಚ್ಚಿಡುವ ಆಸೆ ಎಲ್ಲರಿಗೂ ಬರುತ್ತದೆ. ಪಾಟೀಸವಾಲಿನಲ್ಲಿ ವಕೀಲರು ಮೊದಲು ಕೇಳುವುದು ಈ ಡೈರಿಯನ್ನೇ, ಒಂದೂ ತಪ್ಪಿಲ್ಲದ ಡೈರಿಯನ್ನು ಯಾವ ನ್ಯಾಯಾಧೀಶರೂ ನಂಬುವುದಿಲ್ಲ.